ಕಮಿಷನ್ ತಗೊಳ್ಳೋ ಗುರು

ಕಳೆದ ಅಪ್ರೈಸಲ್ ಹೊತ್ತಲ್ಲಿ ನನ್ನನ್ನ ಮೆಂಟರ್ ಮಾಡಿದರು. ಅರ್ಹತೆ ಏನು ಅಂತೀರಾ? ಕಂಪನಿಯಲ್ಲಿ ಮೂರು ವರ್ಷ ಇದ್ದಿರಬೇಕು, ಎರಡು ಗಂಟೆಯ ಆನ್‌ಲೈನ್ ಕೋರ್ಸ್ ಮುಗಿಸಿರಬೇಕು, ಮ್ಯಾನೇಜರ್ ಹೂಂ ಅನ್ನಬೇಕು. ಆ ಕೋರ್ಸನ್ನ ನಾನು ಸಿಲ್ಕ್ ಬೋರ್ಡ್ ಟ್ರಾಫಿಕ್ಕಿನಲ್ಲಿ ಕ್ಯಾಬಿನೊಳಗೆ ಕೂತು, ಒಂದು ಕಿವಿಯಲ್ಲಿ ಹಾಡು ಕೇಳ್ಕೊಂಡು ಮುಗಿಸಿದೆ. ಈಗ ಇಬ್ಬರು ಫ್ರೆಶರ್‌ಗಳು ನನ್ನನ್ನ ನಂಬಿ ಕೂತಿದ್ದಾರೆ.

ಇದನ್ನೇ ಊಟದ ಟೇಬಲ್ಲಿನಲ್ಲಿ ಹೇಳಿ ನಗ್ತಾ ಇದ್ವಿ. ಆಗ ಒಬ್ಬ ಸಹೋದ್ಯೋಗಿ ಅಂದ: "ಈಗ ಎಲ್ಲದಕ್ಕೂ ಮೆಂಟರ್ ಕಣ್ರೋ. ಎಸ್ಕಾರ್ಟ್ ಕೆಲಸಕ್ಕೆ ಬರೋ ಹುಡುಗೀರಿಗೂ ಇರ್ತಾರೇನೋ!" ಟೇಬಲ್ಲಿಗೆ ಟೇಬಲ್ಲೇ ನಕ್ಕಿತು. ಸುಳ್ಳು ಯಾಕೆ ಹೇಳಲಿ, ನಾನೂ ನಕ್ಕೆ.

ಆದರೆ ಆ ಮಾತು ತಮಾಷೆಯಲ್ಲ. ಇರ್ತಾರೆ ಸ್ವಾಮಿ, ಖಂಡಿತ ಇರ್ತಾರೆ. ಆ ಕೆಲಸಕ್ಕೆ ಕಾಲಿಟ್ಟ ಯಾವ ಹುಡುಗಿಯೂ ಮೆಂಟರ್ ಇಲ್ಲದೆ ಕಾಲಿಟ್ಟಿರೋದು ಕಡಿಮೆ. ಯಾರೋ ಒಬ್ಬರು ಅವಳಿಗೆ ಮೊದಲ ದಿನ ಹೇಳಿಕೊಟ್ಟಿರ್ತಾರೆ: ಎಷ್ಟು ಕೇಳಬೇಕು, ಎಲ್ಲಿಗೆ ಹೋಗಬೇಕು, ಪೊಲೀಸ್ ಬಂದರೆ ಏನು ಹೇಳಬೇಕು, ಮನೇಲಿ ಏನು ಹೇಳಬೇಕು. ಆ ಯಾರೋ ಒಬ್ಬರು ಯಾರು, ಅವರಿಗೆ ಏನು ಅರ್ಹತೆ ಅನ್ನೋದೇ ಪ್ರಶ್ನೆ. ನಮ್ಮ ದೇಶದಲ್ಲಿ ಈ ಪ್ರಶ್ನೆಯನ್ನ ಕೇಳೋದಕ್ಕೇ ನಾಚಿಕೆ. ಆ ನಾಚಿಕೆಯ ಪೂರ್ತಿ ಲಾಭ ಯಾರಿಗೆ ಆಗ್ತಿದೆ ಅಂತ ಹೇಳೋಕೆ ಈ ಬರಹ.

ನಮ್ಮ ಊರುಗಳಲ್ಲಿ ಈಗ ಈ ಕೆಲಸ ನಡೆಯೋದು ಬಹುಪಾಲು ಫೋನಿನಲ್ಲಿ. ಮುಂಬೈನ ಕಾಮಾಠಿಪುರದ ಹಾಗೆ, ಕೋಲ್ಕತಾದ ಸೋನಾಗಾಚಿಯ ಹಾಗೆ ಬೆಂಗಳೂರಲ್ಲಿ, ಮೈಸೂರಲ್ಲಿ ಹೆಸರು ಹೇಳಿದ ತಕ್ಷಣ ಗುರುತು ಹಿಡಿಯೋ ಕೇರಿ ಇಲ್ಲ. ಬಸ್ ಸ್ಟ್ಯಾಂಡ್ ಇದೆ, ಲಾಡ್ಜ್ ಇದೆ, ಬಾಡಿಗೆ ಮನೆ ಇದೆ, ಈಗ ಸರ್ವಿಸ್ ಅಪಾರ್ಟ್‌ಮೆಂಟ್ ಇದೆ. ಹೊಸದಾಗಿ ಬಂದವಳಿಗೆ ಪಕ್ಕದ ರೂಮಿನ ಅಕ್ಕ ಅನ್ನೋರೇ ಇಲ್ಲ. ಇರೋನು "ಏಜೆನ್ಸಿ" ಅಂತ ಹೇಳ್ಕೊಳ್ಳೋ ಒಬ್ಬ ಮನುಷ್ಯ. ಫೋಟೋ ತೆಗೆಸೋನು ಅವನೇ, ನಂಬರ್ ಇಟ್ಕೊಳ್ಳೋನು ಅವನೇ, ಲೊಕೇಶನ್ ಕಳಿಸೋನು ಅವನೇ, ದುಡ್ಡು ಎಣಿಸಿ ತನ್ನ ಪಾಲು ಹಿಡ್ಕೊಂಡು ಮಿಕ್ಕಿದ್ದು ಕೊಡೋನೂ ಅವನೇ. "ನಾನಿದ್ದೀನಿ, ಹೆದರಬೇಡ" ಅಂತಾನೆ. ಅವನೇ ಅವಳ ಮೆಂಟರ್.

ಇದು ಇವತ್ತಿನ ಕಥೆ ಅಂದ್ಕೋಬೇಡಿ. ಎಂಟನೇ ಶತಮಾನದ ಕಾಶ್ಮೀರದಲ್ಲಿ ಜಯಾಪೀಡ ರಾಜನ ಆಸ್ಥಾನದಲ್ಲಿದ್ದ ದಾಮೋದರಗುಪ್ತ 'ಕುಟ್ಟನೀಮತ' ಅಂತ ಒಂದು ಸಂಸ್ಕೃತ ಕಾವ್ಯ ಬರೆದ. ಕಾಶಿಯ ಮಾಲತಿ ಅನ್ನೋ ಎಳೆಯ ವೇಶ್ಯೆ ವಿಕರಾಲಾ ಅನ್ನೋ ಹಣ್ಣುಹಣ್ಣು ಮುದುಕಿಯ ಹತ್ತಿರ ಹೋಗಿ, ನನಗೆ ಬುದ್ಧಿ ಹೇಳು ಅಂತ ಕೇಳ್ತಾಳೆ. ಮುದುಕಿ ಹೇಳೋದೇ ಇಡೀ ಕಾವ್ಯ. ಅವಳು ಹೇಳೋದು ಏನು? ಶ್ರೀಮಂತನನ್ನ ಹಿಡಿಯೋದು ಹೇಗೆ, ಅವನ ಹತ್ತಿರ ಇರೋದನ್ನೆಲ್ಲ ಹಿಂಡೋದು ಹೇಗೆ. ಮಾಲತಿಗೆ ಇಷ್ಟ ಇಲ್ಲದಿದ್ದಾಗ ಆಗಲ್ಲ ಅನ್ನೋದು ಹೇಗೆ ಅನ್ನೋದಕ್ಕೆ ಆ ಪಾಠದಲ್ಲಿ ಜಾಗವಿಲ್ಲ.

ಆ 'ಕುಟ್ಟನೀ' ಕನ್ನಡದಲ್ಲಿ 'ಕುಂಟಣಿ' ಆಗಿದ್ದಾಳೆ. ಹಳ್ಳಿಯಲ್ಲಿ ಬೆಳೆದವರು ಈ ಪದವನ್ನ ಬೈಗುಳವಾಗಿ ಕೇಳಿರ್ತೀರಿ. ಹೊಸಬಳಿಗೆ ದಾರಿ ತೋರಿಸೋಳೂ ಕುಂಟಣಿಯೇ, ಅವಳನ್ನ ಗಿರಾಕಿಗೆ ಮಾರಿ ಪಾಲು ತಗೊಳ್ಳೋಳೂ ಕುಂಟಣಿಯೇ. ಅಂದರೆ ಈ ಕೆಲಸದಲ್ಲಿ ಗುರುವನ್ನ ದಲ್ಲಾಳಿಯಿಂದ ಬೇರೆ ಮಾಡಿ ನೋಡೋ ಅಭ್ಯಾಸ ನಮ್ಮ ಮಾತಿಗೇ ಇಲ್ಲ. ಒಂದೇ ಪದದಲ್ಲಿ ಇಬ್ಬರನ್ನೂ ಕಟ್ಟಿಹಾಕಿದ್ದೀವಿ. ನನ್ನ ತಕರಾರು ಇಷ್ಟೇ: ಈ ಇಬ್ಬರನ್ನ ಬೇರೆ ಮಾಡಿ. ಹೊಸಬಳ ದುಡಿಮೆಯಲ್ಲಿ ಪಾಲು ಇರೋ ಯಾರೂ ಅವಳಿಗೆ ಗುರು ಆಗೋಕೆ ಅರ್ಹರಲ್ಲ. ಅನುಭವ, ವಯಸ್ಸು, ಡಿಗ್ರಿ, ಒಳ್ಳೆ ಮನಸ್ಸು ಎಲ್ಲವೂ ಇದಾದ ಮೇಲಿನ ಮಾತು.

ಇದು ನನಗೆ ಪುಸ್ತಕ ಓದಿ ಹೊಳೆದದ್ದಲ್ಲ. ನಾನು ಬಿಇ ಮುಗಿಸಿದ್ದು 2009ರಲ್ಲಿ. ರಿಸೆಶನ್ ಟೈಮು. ಕ್ಯಾಂಪಸ್ಸಿಗೆ ಬರಬೇಕಿದ್ದ ಕಂಪನಿಗಳು ಬರಲಿಲ್ಲ. ಊರಿಂದ ಬಂದು ಬೆಂಗಳೂರಿನ ಪಿಜಿಯಲ್ಲಿ ಬಿದ್ದಿದ್ದೆ. ಆಗ ಒಂದು ಕನ್ಸಲ್ಟೆನ್ಸಿ ಸಿಕ್ಕಿತು. ಅಲ್ಲೊಬ್ಬರು "ಸರ್". ಎಷ್ಟು ಪ್ರೀತಿಯಿಂದ ಮಾತಾಡ್ತಿದ್ದರು ಅಂದರೆ, ನಮ್ಮಪ್ಪನಿಗೆ ಅವರೇ ಫೋನ್ ಮಾಡಿ ಧೈರ್ಯ ಹೇಳಿದರು. 60 ಸಾವಿರ ಕಟ್ಟಿದರೆ ಟ್ರೈನಿಂಗ್, ಎರಡು ವರ್ಷದ ಎಕ್ಸ್‌ಪೀರಿಯೆನ್ಸ್ ಲೆಟರ್, ಕೆಲಸ ಗ್ಯಾರಂಟಿ. ಅಪ್ಪ ಎಮ್ಮೆ ಮಾರಿ, ಮಿಕ್ಕಿದ್ದು ಸಾಲ ಮಾಡಿ ಕಳಿಸಿದರು. ಸರ್ ನನಗೆ ಕಲಿಸಿದ್ದು ಇಂಟರ್‌ವ್ಯೂನಲ್ಲಿ ಸುಳ್ಳು ಹೇಳೋದನ್ನ. ನಾನು "ಇದು ಬೇಡ ಸರ್, ಸಿಕ್ಕಿಹಾಕ್ಕೊಂಡರೆ?" ಅಂದಾಗಲೆಲ್ಲ ಅವರು "ನಿನ್ನ ಫ್ಯೂಚರ್ ನೋಡು" ಅಂತಿದ್ದರು. ಆಮೇಲೆ ಗೊತ್ತಾಯ್ತು, ತಲೆಗಿಷ್ಟು ಅಂತ ಅವರಿಗೆ ಕಮಿಷನ್. ನಾನು ಬೇಡ ಅಂದರೆ ಅವರ ಜೇಬಿಗೆ ಕತ್ತರಿ. ಅವರು ಕೆಟ್ಟವರಾಗಿದ್ದರು ಅಂತ ನಾನು ಇವತ್ತಿಗೂ ಹೇಳಲ್ಲ. ಆದರೆ ನನಗೆ "ಬೇಡ, ಮನೆಗೆ ಹೋಗು" ಅಂತ ಹೇಳೋ ಸ್ಥಿತಿಯಲ್ಲಿ ಅವರು ಇರಲಿಲ್ಲ. ಆ ಒಂದು ಮಾತು ಹೇಳಲಾಗದವನು ಗುರು ಅಲ್ಲ.

ನಾನು ಕಳಕೊಂಡಿದ್ದು 60 ಸಾವಿರ. ಎಸ್ಕಾರ್ಟ್ ಕೆಲಸಕ್ಕೆ ಬರೋ ಹುಡುಗಿ ಅಂಥ ಗುರುವಿನ ಕೈಗೆ ಸಿಕ್ಕರೆ ಕಳಕೊಳ್ಳೋದು ಅಷ್ಟಕ್ಕೇ ನಿಲ್ಲಲ್ಲ.

ಹಾಗಾದರೆ ಅರ್ಹರು ಯಾರು? ನಾನು ಅಂಥ ಒಬ್ಬರನ್ನ ನೋಡಿದ್ದೀನಿ.

ಕೆಲವು ವರ್ಷಗಳ ಹಿಂದೆ ಕಂಪನಿಯ ಸಿಎಸ್‌ಆರ್ ಲೆಕ್ಕದಲ್ಲಿ ಒಂದು ಜಿಲ್ಲಾ ಕೇಂದ್ರದ ಸಂಸ್ಥೆಗೆ ಹೋಗಿದ್ದೆ. ಲೈಂಗಿಕ ಕಾರ್ಯಕರ್ತೆಯರೇ ಸೇರಿ ನಡೆಸೋ ಸಂಸ್ಥೆ. ಎಚ್‌ಐವಿ ತಡೆಯೋ ಕೆಲಸ, ಪೊಲೀಸ್ ಸ್ಟೇಷನ್ ಓಡಾಟ, ರೇಷನ್ ಕಾರ್ಡ್, ಇಂಥವು. ಅವರ ರಿಜಿಸ್ಟರುಗಳನ್ನ ಕಂಪ್ಯೂಟರಿಗೆ ತರೋದು ನನ್ನ ಕೆಲಸ. ಅಲ್ಲೊಬ್ಬರು ಪೀರ್ ಎಜುಕೇಟರ್ ಇದ್ದರು, ಐವತ್ತರ ಆಸುಪಾಸು. ಎಲ್ಲರೂ ಅಕ್ಕ ಅಂತಿದ್ದರು, ನಾನೂ ಅಕ್ಕ ಅಂದೆ. ಹೊಸಬರು ಬಂದರೆ ಮೊದಲು ಮಾತಾಡಿಸೋರು ಅವರೇ.

"ಮೊದಲು ಏನು ಕೇಳ್ತೀರಕ್ಕ?" ಅಂದೆ. ಕಾಂಡೋಮ್ ಬಗ್ಗೆ ಏನೋ ಹೇಳ್ತಾರೆ ಅಂದ್ಕೊಂಡಿದ್ದೆ.

"ಊಟ ಆಯ್ತಾ ಅಂತೀನಿ. ಆಮೇಲೆ, ನಿನ್ನ ಫೋನು ಯಾರ ಕೈಲೈತೆ ಅಂತೀನಿ" ಅಂದರು.

ಅರ್ಥ ಆಗೋಕೆ ನನಗೆ ಎರಡು ನಿಮಿಷ ಬೇಕಾಯ್ತು. ಫೋನು ಅವಳ ಕೈಯಲ್ಲೇ ಇದ್ದರೆ ಮಾತು ಒಂದು ದಾರಿ. ಇನ್ನೊಬ್ಬರ ಕೈಯಲ್ಲಿದ್ದರೆ ಅವಳು ತಾನಾಗಿ ಬಂದವಳಲ್ಲ, ಅಥವಾ ತಾನಾಗಿ ಬಂದು ಈಗ ತಾನಾಗಿ ಹೋಗೋಕಾಗದವಳು. ಒಂದು ಪ್ರಶ್ನೆಯಲ್ಲಿ ಅಷ್ಟೂ ಗೊತ್ತಾಗುತ್ತೆ. ಯಾವ ಎಂಎಸ್‌ಡಬ್ಲ್ಯೂ ಸಿಲಬಸ್ಸಿನಲ್ಲೂ ಈ ಪ್ರಶ್ನೆ ಇರಲಾರದು. ಯಾರ ಫೋನು ಯಾರದೋ ಕೈಯಲ್ಲಿತ್ತೋ ಅವರಿಗೆ ಮಾತ್ರ ಇದು ಹೊಳೆಯುತ್ತೆ.

"ಆಮೇಲೆ?"

"ಆಮೇಲೆ ಹೇಳ್ತೀನಿ, ನೋಡವ್ವ, ನೀನು ಈ ಕೆಲ್ಸ ಮಾಡಿದ್ರೆ ನಂಗೆ ಒಂದು ರೂಪಾಯಿ ಬರಾಕಿಲ್ಲ, ಬಿಟ್ಟೋದ್ರೆ ಒಂದು ರೂಪಾಯಿ ನಷ್ಟ ಇಲ್ಲ. ಅದ್ಕೇ ನನ್ನ ಮಾತು ಕೇಳು ಅಂತ."

ಮೆಂಟರ್ ಆಗೋಕೆ ಬೇಕಾದ ಅರ್ಹತೆಯನ್ನ ಇದಕ್ಕಿಂತ ಚೆನ್ನಾಗಿ ನಾನು ಎಲ್ಲೂ ಕೇಳಿಲ್ಲ.

ಇದಾಗಿ ಎರಡು ತಿಂಗಳಿಗೆ ನನ್ನ ಸಾಫ್ಟ್‌ವೇರ್ ರೆಡಿ ಆಯ್ತು. ಚೆಂದದ ಡ್ಯಾಶ್‌ಬೋರ್ಡ್ ಮಾಡಿದ್ದೆ. ನ್ಯಾಕೋ, ಅಂದರೆ ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಲೆಕ್ಕದಲ್ಲಿ ಸುಮಾರು 60 ಹೆಂಗಸರಿಗೆ ಒಬ್ಬ ಪೀರ್ ಎಜುಕೇಟರ್. ಪ್ರತಿಯೊಬ್ಬರ ಹೆಸರಿನ ಮುಂದೆ ತಿಂಗಳ ಭೇಟಿ ಆಗಿದ್ದರೆ ಹಸಿರು, ಆಗದಿದ್ದರೆ ಹಳದಿ, ಮೂರು ತಿಂಗಳು ಕಾಣದಿದ್ದರೆ ಕೆಂಪು, "ಡ್ರಾಪ್‌ಔಟ್". ಅಕ್ಕ ಕನ್ನಡಕ ಹಾಕ್ಕೊಂಡು ಸ್ಕ್ರೀನ್ ನೋಡಿದರು. ಒಂದು ಕೆಂಪು ಸಾಲಿನ ಮೇಲೆ ಬೆರಳಿಟ್ಟರು.

"ಇವಳು ಊರಿಗೋಗಿ ಟೈಲರಿಂಗ್ ಅಂಗಡಿ ಇಟ್ಟವ್ಳೆ ಕಣಪ್ಪ. ಚೆನ್ನಾಗವ್ಳೆ. ಇವಳ್ಯಾಕೆ ಕೆಂಪಾದ್ಲು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸಂಖ್ಯೆ ಕಡಿಮೆ ಆದರೆ ಕೆಂಪು ಅಂತ ಬರೆದೋನು ನಾನೇ. ನನಗೆ ಯಾರೂ ಹಾಗೆ ಮಾಡು ಅಂದಿರಲಿಲ್ಲ, ಆಫೀಸಿನ ಅಭ್ಯಾಸದಲ್ಲಿ ಮಾಡಿದ್ದೆ. ಅಕ್ಕನ ಕೈಯಲ್ಲಿ ಕಮಿಷನ್ ಇರಲಿಲ್ಲ, ನಾನು ಕೋಡ್ ಬರೆದು ಕೊಟ್ಟಿದ್ದೆ. ತಿಂಗಳ ಕೊನೆಗೆ ಕೆಂಪು ಕಮ್ಮಿ ಮಾಡು ಅಂತ ಯಾರಾದರೂ ಅವರ ಮೇಲೆ ಒತ್ತಡ ಹಾಕಿದರೆ, ಅವರೂ "ಇರು, ಹೋಗಬೇಡ" ಅನ್ನೋ ಗುರು ಆಗಬೇಕಾಗುತ್ತೆ. ಏಜೆನ್ಸಿಯವನ ಪಾಲು ಹಾಗೂ ನನ್ನ ಡ್ಯಾಶ್‌ಬೋರ್ಡು, ಎರಡಕ್ಕೂ ಹುಡುಗಿ ಅಲ್ಲೇ ಉಳೀಬೇಕು. ಆವತ್ತೇ "ಕೆಲಸ ಬಿಟ್ಟಿದ್ದಾರೆ, ಕ್ಷೇಮ" ಅಂತ ಬೇರೆ ಕಾಲಂ ಮಾಡಿ ಅದಕ್ಕೂ ಹಸಿರು ಬಣ್ಣ ಹಾಕಿದೆ. ಎರಡೇ ಸಾಲಿನ ಕೋಡು.

ಈಗ ಅನುಭವದ ಮಾತಿಗೆ ಬರ್ತೀನಿ. "ಈ ಕೆಲಸ ಮಾಡಿದವರೇ ಹೇಳಿಕೊಡಬೇಕು" ಅನ್ನೋದು ಅರ್ಧ ಸತ್ಯ. ಮಾಡದವರು ಹೇಳಿಕೊಡೋಕಾಗಲ್ಲ ಅನ್ನೋದನ್ನ ಒಪ್ತೀನಿ. 1992ರಲ್ಲಿ ಡಾ. ಸ್ಮರಜಿತ್ ಜಾನಾ ಸೋನಾಗಾಚಿಯಲ್ಲಿ ಎಚ್‌ಐವಿ ತಡೆ ಕೆಲಸ ಶುರು ಮಾಡಿದಾಗ ಆರೋಗ್ಯ ಶಿಕ್ಷಕಿಯರನ್ನಾಗಿ ತಗೊಂಡಿದ್ದು ಅದೇ ಗಲ್ಲಿಗಳ ಹೆಂಗಸರನ್ನ. ಹಸಿರು ಕೋಟು, ಐಡಿ ಕಾರ್ಡು ಕೊಟ್ಟು ಮನೆ ಮನೆಗೆ ಕಳಿಸಿದರು. ಡಾಕ್ಟರಿಗೆ ಹೇಳದ ಸತ್ಯವನ್ನ ಆ ಕೋಟು ಹಾಕಿದವಳಿಗೆ ಹೇಳಿದರು. ನಮ್ಮ ಮೈಸೂರಿನಲ್ಲಿ 2004ರ ಹೊತ್ತಿಗೆ ಶುರುವಾಗಿ ಆಶೋದಯ ಸಮಿತಿಯಾಗಿ ಬೆಳೆದ ಕೆಲಸವೂ ಇದೇ ದಾರಿಯದು. ಅಲ್ಲಿನ ಹೆಂಗಸರ ಹತ್ತಿರ ಕಲಿಯೋಕೆ ಬೇರೆ ದೇಶಗಳಿಂದ ಬಂದು ಹೋಗಿದ್ದಾರೆ. ಸಾಂಗ್ಲಿಯ 'ವೇಶ್ಯಾ ಅನ್ಯಾಯ ಮುಕ್ತಿ ಪರಿಷತ್'ನಲ್ಲಿ ನಮ್ಮ ಗಡಿ ಜಿಲ್ಲೆಗಳಿಂದ ಹೋದ ಕನ್ನಡದ ಹೆಂಗಸರು ಎಷ್ಟೋ ಜನ ಇದ್ದಾರೆ. ಅವರು ಒಬ್ಬರಿಗೊಬ್ಬರು ಹೇಳಿಕೊಡೋದು ಕನ್ನಡದಲ್ಲೇ.

ಆದರೆ ಬರೀ ಅನುಭವ ಸಾಕಾ? ನಮ್ಮ ಫೀಲ್ಡಿನಲ್ಲೇ ನೋಡಿ. ಹತ್ತು ವರ್ಷದ ಎಕ್ಸ್‌ಪೀರಿಯೆನ್ಸ್ ಅಂತಾರೆ, ಒಂದೇ ವರ್ಷವನ್ನ ಹತ್ತು ಸಲ ಮಾಡಿರ್ತಾರೆ. ಎಸ್ಕಾರ್ಟ್ ಕೆಲಸದಲ್ಲಿ ಇನ್ನೂ ಒಂದು ಅಪಾಯ ಇದೆ. ಗೆದ್ದವಳು ಮಾತ್ರ ಕ್ಲಾಸ್ ತಗೊಳ್ತಾಳೆ. ಒಳ್ಳೆ ಇಂಗ್ಲಿಷ್, ಸ್ವಂತ ಫ್ಲ್ಯಾಟ್, ಯಾರನ್ನ ಒಪ್ಪಬೇಕು ಬಿಡಬೇಕು ಅನ್ನೋ ಸ್ವಾತಂತ್ರ್ಯ ಇದ್ದವಳು "ನನಗೆ ಏನೂ ಆಗಲಿಲ್ಲ, ನಿನಗೂ ಆಗಲ್ಲ" ಅಂತಾಳೆ. ಏಟು ತಿಂದವಳು, ದುಡ್ಡು ಕೊಡದೆ ಓಡಿಸಿದವರ ಕೈಗೆ ಸಿಕ್ಕವಳು, ಲಾಕಪ್ಪಿನಲ್ಲಿ ರಾತ್ರಿ ಕಳೆದವಳು ಕ್ಲಾಸ್ ತಗೊಳ್ಳೋಕೆ ಬರಲ್ಲ. ಅದೃಷ್ಟವನ್ನ ಅನುಭವ ಅಂತ ಮಾರೋದು ಎಲ್ಲಾ ಕಡೆ ಇದೆ, ಆದರೆ ಇಲ್ಲಿ ಅದನ್ನ ಕೊಂಡವಳು ತೆರೋದು ಮೈಯಿಂದ. ಹಾಗಾಗಿ ಒಬ್ಬಳ ಅನುಭವ ಸಾಲದು. ಹತ್ತಾರು ಜನರ ಕಥೆ ಕೇಳಿ, ಸೋತವರ ಕಥೆಯನ್ನೂ ಕೇಳಿ ಮಾತಾಡೋರು ಬೇಕು. ಅಂಥವರು ಸಂಘದಲ್ಲಿ ಹುಟ್ತಾರೆ. ಒಬ್ಬೊಬ್ಬರೇ ಇದ್ದರೆ ಹುಟ್ಟಲ್ಲ.

ಸಂಘ ಬೇಕು ಅನ್ನೋದಕ್ಕೆ ಇನ್ನೊಂದು ಕಾರಣ, ಗುರು ತಪ್ಪಿದರೆ ಕೇಳೋರು ಬೇಕು. ಸೋನಾಗಾಚಿಯ ಹೆಂಗಸರು 1995ರಲ್ಲಿ ದುರ್ಬಾರ್ ಮಹಿಳಾ ಸಮನ್ವಯ ಸಮಿತಿ ಕಟ್ಟಿದರು. ಕೆಲವೇ ವರ್ಷದಲ್ಲಿ ಸ್ವಯಂ ನಿಯಂತ್ರಣ ಮಂಡಳಿ ಅಂತ ಮಾಡಿಕೊಂಡರು. ಹೊಸ ಹುಡುಗಿ ಬಂದರೆ ಮಂಡಳಿಯ ಮುಂದೆ ಬರಬೇಕು. ಕೂತಿರೋರಲ್ಲಿ ಹೆಚ್ಚಿನವರು ಅದೇ ಕೆಲಸದವರು, ಜೊತೆಗೆ ಡಾಕ್ಟರು, ಲಾಯರು ಇಂಥವರು. ವಯಸ್ಸು 18 ಆಗಿಲ್ಲ ಅಂತ ಗೊತ್ತಾದರೆ, ಯಾರೋ ತಂದು ಬಿಟ್ಟಿದ್ದಾರೆ ಅಂತ ಗೊತ್ತಾದರೆ, ಅವಳನ್ನ ಕೆಲಸಕ್ಕೆ ಬಿಡಲ್ಲ, ವಾಪಸ್ ಕಳಿಸೋ ದಾರಿ ನೋಡ್ತಾರೆ. ಪೊಲೀಸ್ ರೇಡಿನಲ್ಲಿ ಎಲ್ಲರನ್ನೂ ಒಂದೇ ವ್ಯಾನಿಗೆ ತುಂಬೋದಕ್ಕೂ ಇದಕ್ಕೂ ಹೋಲಿಸಿ ನೋಡಿ.

ಅದೇ ಹೆಂಗಸರು ಉಷಾ ಅಂತ ಒಂದು ಸಹಕಾರಿ ಸಂಘ ಮಾಡೋಕೆ ಹೋದಾಗ ಪಶ್ಚಿಮ ಬಂಗಾಳದ ಸಹಕಾರಿ ಕಾನೂನು ಅಡ್ಡ ಬಂತು. ಸದಸ್ಯರಿಗೆ "ಒಳ್ಳೆಯ ನಡತೆ" ಇರಬೇಕಂತೆ! ಗೃಹಿಣಿಯರು ಅಂತ ಬರೆಸಿ ನೋಂದಾಯಿಸಿಕೊಳ್ಳಿ ಅಂತ ಸಲಹೆ ಬಂತು. ಅವರು ಒಪ್ಪಲಿಲ್ಲ. ಜಗಳ ಮಾಡಿ, ಆ ಷರತ್ತನ್ನ ದಾಟಿ, ಲೈಂಗಿಕ ಕಾರ್ಯಕರ್ತೆಯರು ಅಂತಲೇ 1995ರಲ್ಲಿ ನೋಂದಾಯಿಸಿಕೊಂಡರು. ನಡತೆ ಅನ್ನೋ ಅರ್ಹತೆಯನ್ನ ನಾವು ಇಂಥವರಿಂದ ಕೇಳ್ತೀವಿ. ಬಡ್ಡಿಗೆ ಸಾಲ ಕೊಟ್ಟು ಅವರ ದುಡಿಮೆ ತಿಂದವರಿಂದ ಯಾರಾದರೂ ಕೇಳಿದ್ದಾರಾ?

ಈಗ ಕಾನೂನಿಗೆ ಬನ್ನಿ. ನಮ್ಮ ಹತ್ತಿರ ಇರೋದು 1956ರ ಅನೈತಿಕ ವ್ಯವಹಾರ (ತಡೆ) ಕಾಯ್ದೆ. ವಯಸ್ಕ ಹೆಂಗಸು ತನ್ನಿಷ್ಟದಿಂದ, ಒಬ್ಬಳೇ, ಖಾಸಗಿಯಾಗಿ ಈ ಕೆಲಸ ಮಾಡೋದು ಅಪರಾಧ ಅಲ್ಲ. ಆದರೆ ಸುತ್ತಮುತ್ತಲಿನದೆಲ್ಲ ಅಪರಾಧ. 4ನೇ ಸೆಕ್ಷನ್ ಪ್ರಕಾರ ಅವಳ ಸಂಪಾದನೆಯಲ್ಲಿ ಬದುಕೋದು ಅಪರಾಧ. ಅವಳ ಜೊತೆ ವಾಸ ಇದ್ದರೆ, ಸದಾ ಅವಳ ಸಂಗಡ ಕಾಣಿಸಿಕೊಂಡರೆ, ನೀನು ಅವಳ ದುಡ್ಡಲ್ಲೇ ಬದುಕ್ತಿದ್ದೀಯ ಅಂತ ಕಾನೂನೇ ಊಹಿಸಿಕೊಳ್ಳುತ್ತೆ. ಅಲ್ಲ ಅಂತ ನೀನು ಸಾಬೀತು ಮಾಡಬೇಕು. 5ನೇ ಸೆಕ್ಷನ್ ಪ್ರಕಾರ ಒಬ್ಬರನ್ನ ಈ ಕೆಲಸಕ್ಕೆ ತರೋದು ಅಪರಾಧ, ಅವಳ ಒಪ್ಪಿಗೆ ಇದ್ದರೂ ಸರಿ, ಇಲ್ಲದಿದ್ದರೂ ಸರಿ. ಕನಿಷ್ಠ ಮೂರು ವರ್ಷ ಜೈಲು.

ಮಾರಾಟ ಮಾಡೋರನ್ನ ಹಿಡಿಯೋಕೆ ಇಂಥ ಸೆಕ್ಷನ್ ಬೇಕೇ ಬೇಕು, ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಇದರ ಕೆಳಗೆ ನಿಂತು ಯೋಚನೆ ಮಾಡಿ. ಹತ್ತು ವರ್ಷದಿಂದ ಇರೋ ಒಬ್ಬಳು ಹೊಸಬಳಿಗೆ "ಈ ಗಿರಾಕಿ ಹತ್ತಿರ ಹೋಗಬೇಡ, ಹೊಡೀತಾನೆ. ಹೋಗೋ ಮುಂಚೆ ನನಗೆ ಲೊಕೇಶನ್ ಕಳಿಸು. ಎರಡು ಗಂಟೆಯಲ್ಲಿ ಫೋನ್ ಬರದಿದ್ದರೆ ನಾನೇ ಬರ್ತೀನಿ" ಅಂದರೆ, ಆ ಮೆಸೇಜ್ ಪೊಲೀಸರ ಕೈಗೆ ಸಿಕ್ಕರೆ ಅವಳು ಗುರುವೋ, ದಲ್ಲಾಳಿಯೋ? ಕುಂಟಣಿ ಅನ್ನೋ ಪದದ ಗೊಂದಲವೇ ಇಲ್ಲೂ. ಹೆದರಿದ ಒಳ್ಳೆಯವಳು ಬಾಯಿ ಮುಚ್ಚಿಕೊಳ್ತಾಳೆ. ಮಾಮೂಲಿ ಕೊಟ್ಟು ಅಭ್ಯಾಸ ಇರೋ ತಲೆಹಿಡುಕ ಮುಚ್ಚಿಕೊಳ್ಳಲ್ಲ. ಹೊಸ ಹುಡುಗಿಗೆ ಸಿಗೋ ಗುರು ಯಾರಾದ ಹಾಗಾಯ್ತು?

2022ರ ಮೇ 19ರಂದು ಸುಪ್ರೀಂ ಕೋರ್ಟ್ ಬುದ್ಧದೇವ ಕರ್ಮಸ್ಕರ್ ಪ್ರಕರಣದಲ್ಲಿ ಹೇಳಿದ್ದು ಎಷ್ಟು ಜನ ಓದಿದ್ದೀವಿ? 1999ರಲ್ಲಿ ಕೋಲ್ಕತಾದಲ್ಲಿ ಒಬ್ಬ ಲೈಂಗಿಕ ಕಾರ್ಯಕರ್ತೆಯ ಕೊಲೆಯಾಗಿತ್ತು, ಅಲ್ಲಿಂದ ಬೆಳೆದ ಪ್ರಕರಣ ಅದು. ಸಂವಿಧಾನದ 21ನೇ ವಿಧಿಯ ಪ್ರಕಾರ ಇವರಿಗೂ ಘನತೆಯಿಂದ ಬದುಕೋ ಹಕ್ಕಿದೆ, ರೇಡ್ ಮಾಡಿದಾಗ ಸ್ವಇಚ್ಛೆಯಿಂದ ಇರೋ ವಯಸ್ಕರನ್ನ ಬಂಧಿಸಬಾರದು, ಪೀಡಿಸಬಾರದು ಅಂತ ನಿರ್ದೇಶನ ಬಂತು. ಒಳ್ಳೇದಾಯ್ತು. ಆದರೆ ಹೇಳಿಕೊಡೋಳನ್ನ ದಲ್ಲಾಳಿಯಿಂದ ಬೇರೆ ಮಾಡೋ ಗೆರೆ ಕಾಯ್ದೆಯೊಳಗೆ ಇನ್ನೂ ಬಂದಿಲ್ಲ.

ಗೆರೆ ಎಳೆಯೋಕಾಗಲ್ಲ ಅನ್ನೋರಿಗೆ ನ್ಯೂಜಿಲೆಂಡ್ ತೋರಿಸ್ತೀನಿ. ಅಲ್ಲಿ 1987ರಲ್ಲೇ ಈ ಕೆಲಸದವರು ಒಂದು ಸಂಘ ಕಟ್ಟಿದರು. ಅದನ್ನ ಕಟ್ಟಿದವರಲ್ಲಿ ಮುಖ್ಯರಾದ ಕ್ಯಾಥರೀನ್ ಹೀಲಿ ಮೊದಲು ಪ್ರೈಮರಿ ಸ್ಕೂಲ್ ಟೀಚರ್, ಆಮೇಲೆ ಈ ಕೆಲಸಕ್ಕೆ ಬಂದವರು. 2003ರಲ್ಲಿ ಒಂದೇ ಒಂದು ವೋಟಿನ ಅಂತರದಲ್ಲಿ ಪಾರ್ಲಿಮೆಂಟಿನಲ್ಲಿ ಕಾನೂನು ಪಾಸಾಯ್ತು. ಕೆಲಸ ಅಪರಾಧದ ಪಟ್ಟಿಯಿಂದ ಹೊರಗೆ ಬಂತು. ಆದರೆ ಬೇರೆಯವರನ್ನ ಇಟ್ಕೊಂಡು ನಡೆಸೋರಿಗೆ ಸರ್ಟಿಫಿಕೇಟ್ ಕಡ್ಡಾಯ, ಕೆಲವು ಬಗೆಯ ಅಪರಾಧಗಳಲ್ಲಿ ಶಿಕ್ಷೆ ಆದವರಿಗೆ ಅದು ಸಿಗಲ್ಲ. ನಾಲ್ಕು ಜನರ ತನಕ ಸೇರಿ, ಮೇಲೊಬ್ಬ ಯಜಮಾನ ಇಲ್ಲದೆ ಕೆಲಸ ಮಾಡೋದಾದರೆ ಸರ್ಟಿಫಿಕೇಟ್ ಬೇಡ. ಒಪ್ಪಿಕೊಂಡ ಮೇಲೂ ಬೇಡ ಅನ್ನೋ ಹಕ್ಕು ಕಾನೂನಿನಲ್ಲೇ ಬರೆದಿದೆ. 2014ರಲ್ಲಿ ಒಬ್ಬಳು ತನ್ನ ಮ್ಯಾನೇಜರ್ ಮೇಲೆ ಲೈಂಗಿಕ ಕಿರುಕುಳದ ಕೇಸ್ ಹಾಕಿ 25,000 ಡಾಲರ್ ಪರಿಹಾರ ಗೆದ್ದಳು. 2018ರಲ್ಲಿ ಹೀಲಿಯವರಿಗೆ ಅಲ್ಲಿನ ದೊಡ್ಡ ಗೌರವವಾದ 'ಡೇಮ್' ಪದವಿ ಬಂತು. ಅದು ಸ್ವರ್ಗ ಅಂತಲ್ಲ. ತಾತ್ಕಾಲಿಕ ವೀಸಾದಲ್ಲಿ ಹೋದವರಿಗೆ ಅಲ್ಲಿ ಈ ಕೆಲಸ ಮಾಡೋಕೆ ಅವಕಾಶ ಇಲ್ಲ, ಅಂಥವರು ಮತ್ತೆ ಕತ್ತಲಲ್ಲೇ. ಆದರೆ ಪಾಲು ತಗೊಳ್ಳೋನನ್ನ ಒಂದು ಕಡೆ, ಜೊತೆಗೆ ನಿಲ್ಲೋಳನ್ನ ಇನ್ನೊಂದು ಕಡೆ ಇಟ್ಟು ನೋಡೋಕೆ ಒಂದು ದೇಶಕ್ಕೆ ಆಗಿದೆ.

ಇಷ್ಟು ಹೇಳಿದ ಮೇಲೆ ಒಂದು ಮಾತು ಬಂದೇ ಬರುತ್ತೆ: "ಮೆಂಟರ್ ಕೊಟ್ಟರೆ ಇನ್ನಷ್ಟು ಹುಡುಗೀರು ಬರಲ್ವಾ? ಈ ಕೆಲಸವೇ ಶೋಷಣೆ, ಇದಕ್ಕೆ ಗುರು ಬೇರೆ ಕೇಡು." ಇದನ್ನ ಪ್ರಾಮಾಣಿಕವಾಗಿ ಹೇಳೋರು ಇದ್ದಾರೆ, ಈ ಕೆಲಸದಿಂದ ನೊಂದು ಹೊರಬಂದವರೂ ಹೇಳ್ತಾರೆ. ಅವರ ಮಾತನ್ನ ನಾನು ತಳ್ಳಿಹಾಕಲ್ಲ. ಆದರೆ ಯಾರೂ ಮೆಂಟರ್ ಇದ್ದಾರೆ ಅಂತ ಈ ಕೆಲಸಕ್ಕೆ ಬರಲ್ಲ. ಬಾಡಿಗೆ ಕಟ್ಟೋಕೆ, ತಮ್ಮನ ಫೀಸಿಗೆ, ಗಂಡ ಬಿಟ್ಟು ಹೋದದ್ದಕ್ಕೆ, ಗಾರ್ಮೆಂಟ್ಸ್ ಸಂಬಳ ಸಾಲದ್ದಕ್ಕೆ ಬರ್ತಾರೆ. ಬಂದ ದಿನ ಬಾಗಿಲಲ್ಲಿ ಯಾರು ಇರ್ತಾರೆ ಅನ್ನೋದು ಮಾತ್ರ ನಾವು ಬದಲಾಯಿಸಬಹುದಾದ್ದು. ಈ ಕೆಲಸ ಇರಲೇಬಾರದು ಅನ್ನೋರಿಗಂತೂ ನನ್ನ ಅಕ್ಕನಂಥವರು ಇನ್ನೂ ಹೆಚ್ಚು ಬೇಕು. "ಬಿಟ್ಟೋದ್ರೆ ನಂಗೆ ನಷ್ಟ ಇಲ್ಲ" ಅನ್ನೋರು ಬಾಗಿಲಲ್ಲಿದ್ದರೆ ತಾನೇ ವಾಪಸ್ ಹೋಗೋ ದಾರಿ ಕಾಣೋದು?

ನನ್ನ ಲೆಕ್ಕದಲ್ಲಿ ಮೆಂಟರ್ ಅಂತ ಬರೋರಿಗೆ ಕೇಳಬೇಕಾದ್ದು ಇಷ್ಟು. ಅವಳ ದುಡಿಮೆಯಲ್ಲಿ, ಕಮಿಷನ್, ಬಾಡಿಗೆ, ಸಾಲದ ಬಡ್ಡಿ, ಕೋರ್ಸ್ ಫೀ ಯಾವ ಹೆಸರಲ್ಲಾದರೂ ನಿಮಗೆ ಪಾಲಿದೆಯಾ? ನೀವು ಈ ಕೆಲಸ ಮಾಡಿದ್ದೀರಾ, ಮಾಡಿದ್ದರೆ ನಿಮಗಿಂತ ಕಷ್ಟಪಟ್ಟವರ ಮಾತು ಎಷ್ಟು ಕೇಳಿದ್ದೀರಾ? ಗಿರಾಕಿಗೆ ಹೂಂ ಅನ್ನೋದಕ್ಕಿಂತ ಮೊದಲು ಊಹೂಂ ಅನ್ನೋದನ್ನ ಕಲಿಸ್ತೀರಾ? ನೀವು ತಪ್ಪು ಮಾಡಿದರೆ ಅವಳು ಹೋಗಿ ಹೇಳ್ಕೊಳ್ಳೋಕೆ ನಿಮ್ಮ ಮೇಲೆ ಯಾರಾದರೂ ಇದ್ದಾರಾ? ಅವಳು ಬಿಟ್ಟು ಹೋಗ್ತೀನಿ ಅಂದ ದಿನ ನಿಮ್ಮ ಮುಖ ಹೇಗಿರುತ್ತೆ?

ಮೊದಲನೆಯದಕ್ಕೆ "ಇದೆ" ಅಂದರೆ ಮಿಕ್ಕಿದ್ದನ್ನ ಕೇಳೋದೇ ಬೇಡ.

ಕೊನೆಗೆ ನಮ್ಮ ಬಗ್ಗೆ. ಆ ಊಟದ ಟೇಬಲ್ಲಿನಲ್ಲಿ ನಕ್ಕ ನಾವೆಲ್ಲ 25ರಿಂದ 40ರ ಒಳಗಿನವರು, ಕೈತುಂಬ ಸಂಬಳದವರು. ಆ ಏಜೆನ್ಸಿ ನಂಬರಿಗೆ ಫೋನ್ ಮಾಡೋರು ಬೇರೆ ಗ್ರಹದಿಂದ ಬರಲ್ಲ. ನಮ್ಮಂಥವರೇ. ಟೀಮ್ ಔಟಿಂಗಿನ ರಾತ್ರಿ ಕೊನೆಗೆ ಆಗೋ ಮಾತುಗಳನ್ನ ನಾನೂ ಕೇಳಿದ್ದೀನಿ, ಕೇಳಿ ಸುಮ್ಮನಿದ್ದೀನಿ. ಆ ಫೋನನ್ನ ಆ ಕಡೆ ಎತ್ತೋದು ಯಾರು, ಹುಡುಗಿಯೋ ಅವಳ ಪಾಲು ಹಿಡಿಯೋನೋ ಅಂತ ಕೇಳೋ ಯೋಚನೆ ಯಾರಿಗೂ ಬಂದಿದ್ದನ್ನ ನಾನು ನೋಡಿಲ್ಲ. ಅವನ ಸಂಬಳ ಹೋಗ್ತಿರೋದು ನಮ್ಮ ಜೇಬಿಂದ. ಅವಳಿಗೆ ಬುದ್ಧಿ ಹೇಳೋಕೆ ಅವನನ್ನ ನೇಮಿಸಿದೋರು ನಾವೇ.

ಮುಂದಿನ ಸಲ ಆ ಜೋಕು ಬಂದಾಗ ನಾನು ನಗಲ್ಲ. ಅಕ್ಕ ಕೇಳೋ ಪ್ರಶ್ನೆಯನ್ನೇ ಟೇಬಲ್ಲಿನ ಮೇಲೆ ಇಡ್ತೀನಿ: ಅವಳ ಫೋನು ಯಾರ ಕೈಯಲ್ಲಿದೆ?